ಗಾಜಿನ ಪೆಟ್ಟಿಗೆಯಲ್ಲಿ ಎಬಿಯೆರೆ

ಒಬಿಡಿಕೆ: ಬರ್ಕೊಳ್ಳಿ ಡಾಕ್ಟರಮ್ಮ. ಅಕ್ಷರ ಕಲಿತ ದಿನದಿಂದ ಇವತ್ತಿನವರೆಗೆ ಒಂದು ವಾಕ್ಯವನ್ನ ಎರಡು ಸಲ ಬರೆದವನಲ್ಲ ಈ ಒಬಿಡಿಕೆ. ಟಿವಿಗೆ ಬರೆದದ್ದು ಟಿವಿಗೆ, ಮನೆಗೆ ಬರೆದದ್ದು ಮನೆಗೆ. ನೈಜರ್ ನದಿ ಬೇಕಾದರೆ ಒಂದು ದಿನ ಹಿಂದಕ್ಕೆ ಹರಿದೀತು, ನನ್ನ ಪೆನ್ನು ಹಿಂದಕ್ಕೆ ಹೋದದ್ದಿಲ್ಲ.

ಉರಿಯಾಕು: ಪೆನ್ನು ಎಲ್ಲೆಲ್ಲಿಗೆ ಹೋಗಿತ್ತು ಅಂತ ಆಮೇಲೆ ವಿಚಾರಿಸೋಣ. ಎಬಿಯೆರೆ ಯಾರು, ಅದನ್ನ ಹೇಳಿ.

ಒಬಿಡಿಕೆ: ಅದನ್ನೇ ಬೆಳಗಿನಿಂದ ಹೇಳ್ತಾ ಇದೀನಿ. ಯಾರೂ ಅಲ್ಲ.

ಉರಿಯಾಕು: ಯಾರೂ ಅಲ್ಲದವಳನ್ನ ‘ನನ್ನ ಉಸಿರಿನ ಒಡತಿ’ ಅಂತ ಕರೀತಾರಾ? ನಾನು ಇವರ ಹೆಂಡತಿ ಆಗಿ ಇಷ್ಟು ವರ್ಷ ಆಯ್ತು. ನನಗೆ ಇವರು ಕೊನೆಯ ಸಲ ಬರೆದದ್ದು ‘ಉಪ್ಪಿನ ಡಬ್ಬಿ ಎಲ್ಲಿಟ್ಟೆ’ ಅನ್ನೋ ಚೀಟಿ.

ಎನುಗು ಪಟ್ಟಣದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಮೂರನೇ ಮಹಡಿಯ ಹಳೇ ಕಾಗದಗಳ ಕೋಣೆಯಲ್ಲಿ ಈ ಮಾತು ನಡೆದಿತ್ತು. ಹೊರಗೆ ಹಾರ್ಮಟಾನ್ ಗಾಳಿ ಸಹಾರಾದ ಅರ್ಧ ಮರಳನ್ನು ಹೊತ್ತು ತಂದು ಊರಿನ ಮೇಲೆ ಸುರಿಯುತ್ತಿತ್ತು. ಕೋಣೆಯಲ್ಲಿ ಎ.ಸಿ. ಇತ್ತು. ಅದು ಕಾಗದಗಳಿಗೆ ಮಾತ್ರ; ಮನುಷ್ಯರು ಕೂರುವ ಕಡೆ ಕಿಟಕಿ ಇತ್ತು, ಅದರ ಕೊಕ್ಕೆ ಮುರಿದಿತ್ತು.

ಕೋಣೆಯ ಒಡತಿ ಡಾ. ಅರಿತ್ ಎಕಾನೆಮ್. ಕಲಬಾರ್ ಕಡೆಯವಳು, ಹಳೇ ಕಾಗದಗಳನ್ನು ಕಾಪಾಡುವ ವಿದ್ಯೆಯನ್ನು ವೇಲ್ಸ್ ದೇಶದವರೆಗೆ ಹೋಗಿ ಕಲಿತುಬಂದಿದ್ದಳು. ಎದುರಿಗೆ ಕೂತ ಮುದುಕರು ಕ್ಲೆಮೆಂಟ್ ಒಬಿಡಿಕೆ, ಟಿವಿ ಮತ್ತು ಸಿನಿಮಾಗಳಿಗೆ ಬರೆದು ಬರೆದು ಬೆರಳು ಸೊಟ್ಟಗಾದವರು. ಅವರ ‘ಮಡುಕಾನ ಅಂಗಳ’ ಧಾರಾವಾಹಿ ಬರುವ ಹೊತ್ತಿಗೆ ಪೂರ್ವ ಸೀಮೆಯ ಕಳ್ಳರು ಕೂಡ ಕನ್ನ ಕೊರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಅದೇ ಮನೆಯವರ ಪಕ್ಕದಲ್ಲಿ ಕೂತು ನೋಡಿ, ಮುಗಿದ ಮೇಲೆ ಕೆಲಸ ಮುಂದುವರಿಸುತ್ತಿದ್ದರಂತೆ. ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸರು ಜಾಹೀರಾತು ಬರಲಿ ಎಂದು ಕಾಯುತ್ತಿದ್ದರಂತೆ.

ಒಬಿಡಿಕೆ ತಮ್ಮ ಬದುಕಿನ ಕಾಗದವನ್ನೆಲ್ಲ ಎರಡು ವರ್ಷದ ಹಿಂದೆ ಇಲ್ಲಿಗೆ ದಾನ ಮಾಡಿದ್ದರು. ತುಂಬಿ ಕಳಿಸಿದ್ದು ಒಣಮೀನಿನ ಪೆಟ್ಟಿಗೆಗಳಲ್ಲಿ. ಅಂದಿನಿಂದ ಆವರಣದ ಬೆಕ್ಕುಗಳೆಲ್ಲ ಮೂರನೇ ಮಹಡಿಗೆ ಬರಹತ್ತಿ, ಗ್ರಂಥಾಲಯದ ವರದಿಯಲ್ಲಿ ‘ಸಂಶೋಧಕರ ಸಂಖ್ಯೆ’ ಏರಿತ್ತು ಎಂದು ಕಾವಲುಗಾರ ಹೇಳುತ್ತಿದ್ದ.

ಆ ಕಾಗದಗಳ ಪ್ರದರ್ಶನ ನಾಡಿದ್ದು ಶನಿವಾರ. ಕುಲಪತಿಗಳು ಬರುತ್ತಾರೆ. ರಿಬ್ಬನ್ ಕತ್ತರಿಸುವವರು ಶ್ರೀಮತಿ ಉರಿಯಾಕು ಒಬಿಡಿಕೆ. ಆಕೆ ಚರ್ಚಿನ ತಾಯಂದಿರ ಸಂಘದ ಅಧ್ಯಕ್ಷೆ. ಸಂಘದ ಅರವತ್ತು ಹೆಂಗಸರು ಆ ದಿನಕ್ಕೆಂದೇ ಒಂದೇ ಬಣ್ಣದ ಬಟ್ಟೆ ತರಿಸಿ, ಹೊಲಿಸಿ, ತಲೆಗೆ ಕಟ್ಟುವ ರುಮಾಲಿಗೆ ಗಂಜಿ ಹಾಕಿ ಕಾದಿದ್ದರು. ಎಲ್ಲ ಸರಿಯಿತ್ತು, ಆಮಂತ್ರಣ ಪತ್ರಿಕೆ ಅಚ್ಚಾಗಿ ಮನೆಗೆ ಬರುವವರೆಗೆ. ಅದರ ಮುಖಪುಟದಲ್ಲಿ ಗಂಡನ ಕೈಬರಹದ ಒಂದು ಕಾಗದದ ತುದಿ: ‘ಎಬಿಯೆರೆ, ನನ್ನ ಉಸಿರಿನ ಒಡತಿ.’ ಕೆಳಗೆ ಡಾ. ಅರಿತ್ ಬರೆದ ಚೀಟಿ: ‘ಲೇಖಕರು ತಮ್ಮ ಗುಪ್ತ ಪ್ರೇಯಸಿಗೆ ಬರೆದ ಪತ್ರ. ಮೊದಲ ಬಾರಿಗೆ ಸಾರ್ವಜನಿಕರ ದರ್ಶನಕ್ಕೆ.’

ಉರಿಯಾಕು: ದರ್ಶನಕ್ಕೆ ಅಂತೆ. ನಾನು ರಿಬ್ಬನ್ ಕತ್ತರಿಸಿ ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಗಾಜಿನ ಪೆಟ್ಟಿಗೆಯಲ್ಲಿ ಇವಳು. ಹಿಂದೆ ಅರವತ್ತು ಜನ ಹೆಂಗಸರು. ಒಬ್ಬೊಬ್ಬರೂ ನನ್ನ ಭುಜ ತಟ್ಟಿ ‘ಸಹಿಸ್ಕೊ ಅಕ್ಕಾ’ ಅಂತ ಮುಂದೆ ಹೋಗ್ತಾರೆ. ನೋಡಿ ಡಾಕ್ಟರಮ್ಮ, ಆ ಕಾಗದ ಅಲ್ಲಿದ್ದರೆ ಶನಿವಾರ ನಾನಿಲ್ಲ. ಆಬಾದಲ್ಲಿ ನನ್ನ ತಮ್ಮನ ಮನೆ ಇದೆ. ಬಸ್ಸಿಗೆ ಚೀಲ ಕಟ್ಟಿಟ್ಟೇ ಬಂದಿದೀನಿ.

ಡಾ. ಅರಿತ್: ಅಮ್ಮಾ, ದಯವಿಟ್ಟು ಕೂತ್ಕೊಳ್ಳಿ. ಇತಿಹಾಸ ಅಂದ ಮೇಲೆ ಸ್ವಲ್ಪ ನೋವು ಇದ್ದೇ ಇರುತ್ತೆ.

ಉರಿಯಾಕು: ಇತಿಹಾಸ ನಿಮ್ಮದು, ನೋವು ನಂದು. ಒಳ್ಳೇ ಪಾಲು.

ಒಬಿಡಿಕೆ ಬಾಗಿಲಲ್ಲೇ ಒಂದು ಸಲ ಮುನಿಸಿಕೊಂಡಿದ್ದರು. ಬಂದವರಿಗೆ ಕೋಲಾ ಬೀಜ ಒಡೆಯದೆ ಮಾತು ತೆಗೆಯುವ ಜಾಗ ಎಂಥ ಜಾಗ ಎಂದು ಕೇಳಿದ್ದರು. ತಿನ್ನುವ ಪದಾರ್ಥ ಕಾಗದದ ಹತ್ತಿರ ಬರುವಂತಿಲ್ಲ ಎಂದು ಡಾ. ಅರಿತ್ ಗೋಡೆಯ ಮೇಲಿನ ಫಲಕ ತೋರಿಸಿದ್ದಳು. ನಿಜ ಹೇಳಬೇಕೆಂದರೆ ಈ ಮನುಷ್ಯನ ಕೈಯಿಂದ ಅವಳು ಎರಡು ವರ್ಷದಿಂದ ಏನನ್ನೂ ತಿಂದಿರಲಿಲ್ಲ, ಕುಡಿದಿರಲಿಲ್ಲ. ಒಮ್ಮೆ ಅವರು ಪ್ರೀತಿಯಿಂದ ಕೊಟ್ಟ ಕಿತ್ತಳೆ ಹಣ್ಣನ್ನು ಮನೆಗೆ ಒಯ್ದು ಹಿತ್ತಲಲ್ಲಿ ಹೂತಿದ್ದಳು. ಯಾಕೆಂದರೆ ‘ಖಾಸಗಿ ಪತ್ರಗಳು’ ಎಂಬ ಪೆಟ್ಟಿಗೆಯನ್ನು ಅವಳು ಪೂರ್ತಿ ಓದಿದ್ದಳು. ಈಗ ಆ ಪೆಟ್ಟಿಗೆಯ ಹೆಸರು ಹೇಳಿ, ತರುತ್ತೇನೆ ಎಂದು ಎದ್ದಳು.

ಒಬಿಡಿಕೆ: ಖಾಸಗಿ ಪತ್ರಗಳಾ? ನಾನು ಖಾಸಗಿ ಪತ್ರ ಒಂದನ್ನೂ ಕೊಟ್ಟಿಲ್ಲವಲ್ಲ.

ಡಾ. ಅರಿತ್: ಕೊಟ್ಟಿದೀರಿ ಸರ್. ನೀವು ಮರೆತಿರಬಹುದು. ಮರೆಯೋದು ಒಳ್ಳೇದು ಅನ್ನಿಸುವಂಥವೇ ಅವು.

ಅವಳು ಬಿಳಿ ಕೈಗವಸು ತೊಟ್ಟು ಪೆಟ್ಟಿಗೆ ತಂದಳು. ಎಬಿಯೆರೆಯ ಕಾಗದ ಮಾತ್ರ ಅದರಲ್ಲಿರಲಿಲ್ಲ. ಅದು ಕೆಳಗಿನ ಹಾಲಿನ ಗಾಜಿನ ಪೆಟ್ಟಿಗೆಯಲ್ಲಿ ಬೀಗದೊಳಗೆ ಕೂತಿತ್ತು, ಬೀಗದ ಕೈ ಇದ್ದ ಅಧಿಕಾರಿ ಊರಿಗೆ ಯಾರದೋ ಶವಸಂಸ್ಕಾರಕ್ಕೆ ಹೋಗಿದ್ದ. ನಮ್ಮ ಕಡೆ ಶವಸಂಸ್ಕಾರಕ್ಕೆ ಹೋದವನು ಯಾವಾಗ ಬರುತ್ತಾನೆ ಎಂದು ಸತ್ತವನೂ ಹೇಳಲಾರ. ಮಿಕ್ಕ ಕಾಗದಗಳನ್ನು ಡಾ. ಅರಿತ್ ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಅಣ್ಣನಿಗೆ ಚಿಕ್ಕಾಸೂ ಬಿಡದೆ ಆಸ್ತಿಯನ್ನೆಲ್ಲ ಒಂದು ಗಿಳಿಯ ಹೆಸರಿಗೆ ಬರೆದ ಉಯಿಲು. ಚಿಕ್ಕಪ್ಪನಿಗೆ ತಾಳೆ ಹೆಂಡದಲ್ಲಿ ವಿಷ ಬೆರೆಸಿದೆ ಎಂಬ ತಪ್ಪೊಪ್ಪಿಗೆ. ಯಾರದೋ ಮಗುವನ್ನು ಎತ್ತಿಕೊಂಡು ಹೋದವನ ಬೆದರಿಕೆ. ಕಡೆಯದಾಗಿ ಒಬ್ಬ ವೈದ್ಯನ ಪತ್ರ. ಅದನ್ನು ಅವಳು ಮಗುಚಿ ಇಟ್ಟಳು. ಉರಿಯಾಕು ನೆಟ್ಟಗೆ ಮಾಡಿ ಓದಿದರು.

ಉರಿಯಾಕು: ‘ನಿಮಗೆ ಈ ಜನ್ಮದಲ್ಲಿ ಮಕ್ಕಳಾಗುವ ಸಂಭವ ಇಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ.’ ಹೌದಾ? ಹಾಗಾದರೆ ನನ್ನ ಆರು ಮಕ್ಕಳು ಯಾರದು ಅಂತ ಚೀಟಿ ಬರೆದಿದೀರಿ ಡಾಕ್ಟರಮ್ಮ?

ಡಾ. ಅರಿತ್: ನಾವು ಆ ಬಗ್ಗೆ ಯಾವ ತೀರ್ಮಾನಕ್ಕೂ ಬಂದಿಲ್ಲ ಅಮ್ಮಾ. ‘ಸಂಶೋಧನೆ ಮುಂದುವರಿದಿದೆ’ ಅಂತ ಬರೆದಿದೀನಿ.

ಉರಿಯಾಕು: ತುಂಬಾ ಉಪಕಾರ ಆಯ್ತು.

ಒಬಿಡಿಕೆ ಮೊದಲು ಕಣ್ಣು ಕಿರಿದು ಮಾಡಿದರು. ಆಮೇಲೆ ಕನ್ನಡಕ ಹಾಕಿಕೊಂಡರು. ಆಮೇಲೆ ಮೇಜು ಬಡಿದು ನಗತೊಡಗಿದರು. ಆ ನಗುವಿಗೆ ಬಾಗಿಲ ಹೊರಗಿನ ಎರಡು ಬೆಕ್ಕು ಮೆಟ್ಟಿಲಿಳಿದು ಓಡಿದವು.

ಒಬಿಡಿಕೆ: ಅಯ್ಯೋ ತಾಯೀ. ಇವೆಲ್ಲ ಕ್ಯಾಮೆರಾಗೆ ತೋರಿಸೋಕೆ ಬರೆದ ಕಾಗದ ಕಣಮ್ಮಾ. ಪಾತ್ರದ ಕೈಗೆ ಕೊಡೋದು. ಧಾರಾವಾಹಿ ಅಂದ ಮೇಲೆ ವಾರಕ್ಕೊಂದು ಕಾಗದ ಬರ್ಬೇಕು, ಅದನ್ನ ಓದಿ ಯಾರಾದರೂ ಕುಸೀಬೇಕು. ಆ ಕಾಗದ ಯಾರು ಬರೀಬೇಕು? ಸಾಮಾನು ನೋಡ್ಕೊಳ್ತಿದ್ದವನ ಅಕ್ಷರ ಕೋಳಿ ಕೆರೆದ ಹಾಗಿತ್ತು. ನಟರ ಕೈಲಿ ಬರೆಸಿದರೆ ಅವರು ತಮ್ಮ ಪಾತ್ರಕ್ಕೆ ಎರಡು ಸಾಲು ಜಾಸ್ತಿ ಸೇರಿಸ್ಕೊಳ್ತಿದ್ರು. ಅದಕ್ಕೆ ಎಲ್ಲ ನನ್ನ ಕೈಲೇ ಬರೆಸ್ತಿದ್ರು.

ಡಾ. ಅರಿತ್: ಕ್ಷಮಿಸಿ ಸರ್. ಇದರ ಮೇಲೆ ಕಣ್ಣೀರಿನ ಗುರುತು ಇದೆ.

ಒಬಿಡಿಕೆ: ಚಹಾ.

ಡಾ. ಅರಿತ್: ಅಂಚು ಸುಟ್ಟಿದೆ. ನೀವು ಇದನ್ನ ಸುಟ್ಟುಹಾಕೋಕೆ ಹೋಗಿ, ಮನಸ್ಸು ತಡೆಯದೆ ಆರಿಸಿದೀರಿ ಅಂತ ಟಿಪ್ಪಣಿ ಬರೆದಿದೀನಿ.

ಒಬಿಡಿಕೆ: ಹಳೇ ಕಾಗದದ ಹಾಗೆ ಕಾಣ್ಲಿ ಅಂತ ಸಿಗರೇಟು ಹಿಡಿದದ್ದು. ನಿರ್ದೇಶಕನ ಸಿಗರೇಟು. ಅವನು ಆಮೇಲೆ ಅದನ್ನೇ ಸೇದಿದ.

ಡಾ. ಅರಿತ್ ತನ್ನ ಗುರುಗಳು ಕಲಿಸಿದ್ದನ್ನು ಜ್ಞಾಪಿಸಿಕೊಂಡಳು: ದಾನ ಕೊಟ್ಟವರು ತಮ್ಮ ಪಾಪಗಳನ್ನು ಅಲ್ಲಗಳೆಯುವುದು ಸಹಜ, ಕಾಗದವನ್ನು ನಂಬು, ಮನುಷ್ಯನನ್ನು ನಂಬಬೇಡ. ಅದನ್ನೇ ಆದಷ್ಟು ಮೆತ್ತಗೆ ಹೇಳಿದಳು. ಜೊತೆಗೆ ‘ಒಬಿಡಿಕೆಯವರ ಒಳಗಿನ ಕತ್ತಲೆ’ ಎಂಬ ವಿಷಯದ ಮೇಲೆ ಒಬ್ಬ ವಿದ್ಯಾರ್ಥಿ ಮುನ್ನೂರು ಪುಟ ಮುಗಿಸಿದ್ದಾನೆ, ಕುಲಪತಿಗಳು ಬರಲು ಒಪ್ಪಿದ್ದು ಕೂಡ ವಿಷದ ಕಾಗದ ಕೇಳಿದ ಮೇಲೆಯೇ, ಅದಕ್ಕೆ ಮೊದಲು ಅವರಿಗೆ ಸೊಂಟ ನೋವಿತ್ತು ಎಂದೂ ತಿಳಿಸಿದಳು.

ಒಬಿಡಿಕೆ: ನನ್ನ ಚಿಕ್ಕಪ್ಪ ತೊಂಬತ್ತು ದಾಟಿದ ಮೇಲೆ ತನ್ನ ನಾಲ್ಕನೇ ಮದುವೆಯ ಊಟ ಉಂಡು, ಕೈ ತೊಳೆಯುವಾಗ ನಗ್ತಾ ನಗ್ತಾ ಸತ್ತರು. ಅಣ್ಣ ನ್ನೇವಿ ಊರಿನಲ್ಲಿ ಲಾರಿ ಬಿಡಿಭಾಗದ ಅಂಗಡಿ ಇಟ್ಕೊಂಡು ಲಾರಿಯಷ್ಟೇ ದಪ್ಪಗಿದಾನೆ. ಗಿಳಿ ಒಂದು ನಿಜ. ಅದೂ ಪಕ್ಕದ ಮನೆಯವರದ್ದು.

ಉರಿಯಾಕು: ನೋಡಿ, ಎಷ್ಟು ಚೆನ್ನಾಗಿ ಜಾರ್ತಾರೆ. ವಿಷಕ್ಕೆ ಉತ್ತರ ಇದೆ, ಗಿಳಿಗೆ ಉತ್ತರ ಇದೆ. ಎಬಿಯೆರೆಗೆ ಮಾತ್ರ ‘ಯಾರೂ ಅಲ್ಲ’.

ಒಬಿಡಿಕೆ: ಅವಳು ಮಡುಕಾನ ಎರಡನೇ ಸಂಬಂಧ ಕಣೇ, ನಮ್ಮ ನೋನ್ಸೊನ ಅಮ್ಮ. ಧಾರಾವಾಹಿಯಲ್ಲಿ. ನದಿ ಸೀಮೆಯ ಹುಡುಗಿ, ದೋಣಿ ಮೇಲೆ ಇರೋಳು. ನೀನೇ ಎಷ್ಟು ಸಲ ನೋಡಿ ಬೈದಿದೀಯ.

ಉರಿಯಾಕು: ನಾನು ಬೈದದ್ದು ನೆಂಬೆ ಅನ್ನೋಳನ್ನ.

ಒಬಿಡಿಕೆ: ನೆಂಬೆ ಅವಳ ಊರು. ಹೆಸರು ಎಬಿಯೆರೆ.

ಉರಿಯಾಕು: ಊರೂ ಗೊತ್ತು, ಹೆಸರೂ ಗೊತ್ತು. ಯಾರೂ ಅಲ್ಲ.

ಒಬಿಡಿಕೆ ಆಕಾಶದತ್ತ ನೋಡಿದರು. ಅಲ್ಲಿ ತಿರುಗದ ಫ್ಯಾನು ಇತ್ತು. ಕೊನೆಗೆ ಅವರಿಗೆ ಒಂದು ದಾರಿ ಹೊಳೆಯಿತು. ಧಾರಾವಾಹಿಯಲ್ಲಿ ಕಾಗದ ಓದುವ ದೃಶ್ಯ ಬಂದರೆ, ಆ ಕಾಗದದಲ್ಲಿ ಏನಿದೆ ಎಂಬುದನ್ನು ಅಕ್ಷರ ಬಿಡದೆ ಸಂಭಾಷಣೆಯ ಪ್ರತಿಯಲ್ಲೂ ಟೈಪು ಮಾಡುತ್ತಿದ್ದರು. ಹಿಂದಿನಿಂದ ದನಿ ಕೊಡುವ ನಟ ಓದಬೇಕಲ್ಲ. ಪ್ರತಿಗಳೆಲ್ಲ ಇಲ್ಲೇ ಇವೆ. ಎಬಿಯೆರೆ ದೋಣಿಯಲ್ಲಿ ಕೂತು ಕಾಗದ ಓದುವ ಕಂತನ್ನು ತೆಗೆಯಲಿ, ಅಲ್ಲಿರುವುದೂ ಗಾಜಿನ ಪೆಟ್ಟಿಗೆಯಲ್ಲಿರುವುದೂ ಒಂದೇ ಆದರೆ ಸುಳ್ಳು ಯಾರದು, ನಿಜ ಯಾರದು ಎಂದು ತಿಳಿಯುತ್ತದೆ.

ಡಾ. ಅರಿತ್‌ಗೆ ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ಅವಳು ಕಪಾಟುಗಳ ನಡುವೆ ಹೋಗಿ ಹುಡುಕುವಾಗ, ಆ ಕಂತು ಸಿಗದಿರಲಿ ಎಂದು ಕಲಬಾರಿನ ತನ್ನ ಅಜ್ಜಿಯ ಹೆಸರು ಹೇಳಿ ಬೇಡಿಕೊಂಡಳು. ಅವಳು ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಳೆಂದರೆ ಅದು ಕೈ ಹಾಕಿದ ಕೂಡಲೇ ಸಿಕ್ಕಿತು.

ಒಬಿಡಿಕೆಯವರಿಗೂ ಬಿಳಿ ಕೈಗವಸು ತೊಡಿಸಿದಳು. ತಾವೇ ಟೈಪು ಮಾಡಿದ ಹಾಳೆಯನ್ನು, ತಮ್ಮದೇ ಮೀನು ನಾರುವ ಹಾಳೆಯನ್ನು, ಹಸಿ ಬಾಣಂತಿಯ ಕೂಸನ್ನು ಎತ್ತುವ ಹಾಗೆ ಅವರು ಎತ್ತಿದರು.

ಒಬಿಡಿಕೆ: ಕೇಳಿ ಇಬ್ಬರೂ. ‘ದೃಶ್ಯ ಏಳು. ನದಿ. ಎಬಿಯೆರೆ ದೋಣಿಯ ಅಂಚಿನಲ್ಲಿ ಕೂತು ಕಾಗದ ಬಿಚ್ಚುತ್ತಾಳೆ. ಕ್ಯಾಮೆರಾ ಕಾಗದದ ಮೇಲೆ. ಹಿನ್ನೆಲೆಯಲ್ಲಿ ಮಡುಕಾನ ದನಿ: ಎಬಿಯೆರೆ, ನನ್ನ ಉಸಿರಿನ ಒಡತಿ.’ ಆಯ್ತಾ? ಇನ್ನೇನು ಬೇಕು?

ಡಾ. ಅರಿತ್ ಹಾಳೆಯನ್ನು ಬೆಳಕಿಗೆ ಹಿಡಿದಳು. ಗಾಜಿನ ಪೆಟ್ಟಿಗೆಯ ಕಾಗದ ಅವಳಿಗೆ ಬಾಯಿಪಾಠವಿತ್ತು. ಒಂದು ಅಲ್ಪವಿರಾಮವೂ ಬೇರೆ ಇರಲಿಲ್ಲ. ಎರಡು ವರ್ಷ ಅವಳು ಹೆದರಿದ, ಮರುಗಿದ, ಒಮ್ಮೆ ಕ್ಷಮಿಸಿಯೂ ಬಿಟ್ಟಿದ್ದ ಮಹಾಪಾಪಿ ಅವಳ ಕಣ್ಣೆದುರೇ ಕರಗಿ, ಬರೀ ಒಬ್ಬ ಒಳ್ಳೆಯ ಮುದುಕ ಉಳಿದುಬಿಟ್ಟ.

ಡಾ. ಅರಿತ್: ಅಂದರೆ ಒಂದು ಕೊಲೆ ಕೂಡ ಇಲ್ಲವಾ ಸರ್?

ಒಬಿಡಿಕೆ: ಇಲ್ಲ ತಾಯಿ. ಬೇಜಾರು ಮಾಡ್ಕೋಬೇಡಿ.

ಡಾ. ಅರಿತ್: ಸಣ್ಣದು?

ಒಬಿಡಿಕೆ: ಯುದ್ಧದ ಕಾಲದಲ್ಲಿ ಹಸಿವಾಗಿ ಪಾದ್ರಿಗಳ ಕೋಳಿ ಒಂದನ್ನ ತಿಂದಿದೀನಿ. ಬೇಕಾದರೆ ಚೀಟಿ ಹಾಕಿ.

ಉರಿಯಾಕು ಚೀಲದಿಂದ ಕರವಸ್ತ್ರ ತೆಗೆದು ಮುಖದ ಧೂಳು ಒರೆಸಿಕೊಂಡರು. ಆಬಾದ ಬಸ್ಸು ಮುಖದಿಂದ ಸ್ವಲ್ಪ ದೂರ ಸರಿದಂತೆ ಕಂಡಿತು. ಆಗ ಒಬಿಡಿಕೆ ಸುಮ್ಮನಿರಬೇಕಿತ್ತು. ಗೆದ್ದ ಗಂಡಸಿಗೆ ಸುಮ್ಮನಿರಲು ಬಂದಿದ್ದರೆ ಈ ಊರಿನಲ್ಲಿ ಅರ್ಧ ವಕೀಲರು ಉಪವಾಸ ಬೀಳುತ್ತಿದ್ದರು.

ಒಬಿಡಿಕೆ: ಪೂರ್ತಿ ಕೇಳಿಬಿಡು, ನಿನ್ನ ಮನಸ್ಸು ನಿರಾಳ ಆಗ್ಲಿ. ಇದು ಮನುಷ್ಯರು ಮನುಷ್ಯರಿಗೆ ಬರೆಯೋ ಮಾತಲ್ಲ, ಟಿವಿ ಮಾತು ಅಂತ ನಿನಗೇ ಗೊತ್ತಾಗುತ್ತೆ. ‘ನೀನು ನೀರು ಹೊತ್ತು ಬರುವಾಗ ಕೊಡ ತುಳುಕುವುದಿಲ್ಲ...’

ಉರಿಯಾಕು: ‘...ನೋಡಿದವನ ಎದೆ ತುಳುಕುತ್ತದೆ.’

ಒಬಿಡಿಕೆ ಹಾಳೆ ನೋಡಿದರು. ಹೆಂಡತಿಯನ್ನು ನೋಡಿದರು. ಹೆಂಡತಿಯ ಕೈಯಲ್ಲಿ ಕರವಸ್ತ್ರ ಬಿಟ್ಟು ಬೇರೇನೂ ಇರಲಿಲ್ಲ, ಕಣ್ಣು ಕಿಟಕಿಯ ಕಡೆಗಿತ್ತು.

ಒಬಿಡಿಕೆ: ಧಾರಾವಾಹಿಯಲ್ಲಿ ಕೇಳಿ ನೆನಪಿಟ್ಕೊಂಡಿದೀಯ. ಎಷ್ಟು ವರ್ಷ ಆಯ್ತು, ಏನು ಜ್ಞಾಪಕಶಕ್ತಿ.

ಉರಿಯಾಕು: ಆ ದೃಶ್ಯ ಬರೋ ಹೊತ್ತಿಗೆ ನಮ್ಮ ಬೀದಿಯಲ್ಲಿ ಕರೆಂಟ್ ತೆಗೆದುಬಿಟ್ಟಿದ್ರು. ಇಡೀ ಉವಾನಿ ಬಡಾವಣೆ ಕತ್ತಲು. ‘ಕಾಗದದಲ್ಲಿ ಏನಿತ್ತು’ ಅಂತ ನಿಮ್ಮನ್ನ ಕೇಳಿದೆ, ನೀವು ‘ಏನೋ ಹಾಳುಮೂಳು’ ಅಂದ್ರಿ. ಮುಂದೆ ಓದಿ.

ಒಬಿಡಿಕೆ: ಸಾಕು ಬಿಡು, ವಿಷಯ ಇತ್ಯರ್ಥ ಆಯ್ತಲ್ಲ.

ಉರಿಯಾಕು: ಹಾಗಾದರೆ ನಾನೇ ಹೇಳ್ತೀನಿ. ಡಾಕ್ಟರಮ್ಮ, ನೀವು ಹಾಳೆ ನೋಡ್ತಾ ಇರಿ. ‘ನಿಮ್ಮ ಅಂಗಳದ ಹೋತ ನನ್ನ ತೊಡೆಗೆ ಗುದ್ದಿದ ಗಾಯ ಎಂದೂ ಮಾಯದಿರಲಿ. ನಿನ್ನ ಮನೆಯಿಂದ ನನಗೆ ಸಿಕ್ಕ ಮೊದಲ ಉಡುಗೊರೆ ಅದು.’ ಇದೆಯಾ?

ಡಾ. ಅರಿತ್: ಇದೆ ಅಮ್ಮಾ. ಅಕ್ಷರ ಅಕ್ಷರ ಇದೆ.

ಉರಿಯಾಕು: ಅದು ನಮ್ಮಪ್ಪನ ಹೋತ. ಎಡಗೊಂಬು ಮುರಿದಿತ್ತು. ನನ್ನನ್ನ ನೋಡೋಕೆ ಅಂತ ನಮ್ಮ ಬೇಲಿ ಹತ್ತಿರ ಸುಳಿದಾಡ್ತಿದ್ದ ಇವರನ್ನ ಹಿಂದಿನಿಂದ ಬಂದು ಎತ್ತಿ ಹಾಕ್ತು. ಇವರು ನನಗೆ ಬರೆದ ಮೊದಲ ಕಾಗದ ಇದು. ಎರಡು ಸಲ ಬರೆಯಲ್ಲವಂತೆ. ಪೆನ್ನು ಹಿಂದಕ್ಕೆ ಹೋಗಲ್ಲವಂತೆ.

ಒಬಿಡಿಕೆಯವರ ಕೈ ತಾನಾಗಿಯೇ ತೊಡೆಯ ಹಳೇ ಗಾಯದ ಜಾಗಕ್ಕೆ ಹೋಯಿತು.

ಉರಿಯಾಕು: ದೋಣಿ ಮೇಲೆ ಸಂಸಾರ ಮಾಡೋ ಹುಡುಗಿಯ ಅಂಗಳಕ್ಕೆ ಹೋತ ಎಲ್ಲಿಂದ ಬಂತು? ಮೀನಿಗೆ ಕೊಂಬು ಮೂಡಿತ್ತಾ? ಕದ್ದ ಮೇಲೆ ಹೋತನಾದರೂ ಬಿಟ್ಟು ಕದೀಬಾರದಾ?

ಒಬಿಡಿಕೆ: ನಿಜವಾಗಿ ಮರೆತೇ ಹೋಗಿತ್ತು ಕಣೇ. ಆ ದಿನ ನಟಿ ಆಗಲೇ ದೋಣಿಯಲ್ಲಿ ಕೂತಿದ್ದಳು. ದೋಣಿಯವನು ಕತ್ತಲಾಗೋದರೊಳಗೆ ಬಿಟ್ಟುಬಿಡಿ ಅಂತ ಗೊಣಗ್ತಿದ್ದ. ನಿರ್ದೇಶಕ ನನ್ನ ತಲೆ ಮೇಲೆ ನಿಂತಿದ್ದ. ಪ್ರೇಮದ ಕಾಗದ ಬರಿ ಅಂದರೆ ಮನಸ್ಸಿಗೆ ಬಂದದ್ದು ಇದೊಂದೇ. ಕೇಳಿದವರಿಗೆಲ್ಲ ಬರೆದುಕೊಟ್ಟದ್ದು ಸಾವಿರ ಇರಬಹುದು. ನನಗೆ ಅಂತ ಬರೆದದ್ದು ಇದೊಂದೇ ಅಲ್ವಾ?

ಉರಿಯಾಕು: ಮೇಲಿನ ಸಾಲು ಮಾತ್ರ ಬದಲಾಯಿಸೋಕೆ ಮರೀಲಿಲ್ಲ. ಅವಳು ಉಸಿರಿನ ಒಡತಿ. ನನಗೆ ಏನಂತ ಬರೆದಿದ್ರಿ ನೆನಪಿದೆಯಾ?

ಒಬಿಡಿಕೆ: ಏನಂತ?

ಉರಿಯಾಕು: ‘ಮಾನ್ಯರೇ’ ಅಂತ.

ಡಾ. ಅರಿತ್ ಕುರ್ಚಿಯ ತುದಿಗೆ ಸರಿದಿದ್ದಳು, ಕರುಣೆಯಿಂದಲ್ಲ. ಮೂಲ ಕಾಗದ ಇನ್ನೂ ಇದೆಯೇ ಎಂದು ಅವಳು ಕೇಳಿದಳು. ತವರಿನಿಂದ ತಂದ ತಗಡಿನ ಪೆಟ್ಟಿಗೆಯಲ್ಲಿ, ಬಟ್ಟೆಗಳ ಅಡಿಯಲ್ಲಿ, ನುಸಿಗುಳಿಗೆಯ ಜೊತೆ ಇದೆ ಎಂದು ಉತ್ತರ ಬಂತು. ವಿಷ ಹೋಯಿತು, ಗಿಳಿ ಹೋಯಿತು, ಒಳಗಿನ ಕತ್ತಲೆಯ ಮುನ್ನೂರು ಪುಟ ಹೋಯಿತು. ಆದರೆ ನಿಜವಾದ ಪ್ರೇಮಪತ್ರ ಮತ್ತು ಅದರ ಸುಳ್ಳು ಮಗು, ಎರಡೂ ಒಂದೇ ಗಾಜಿನ ಕೆಳಗೆ! ಇಂಥದ್ದು ವೇಲ್ಸ್‌ನಲ್ಲೂ ಇರಲಿಲ್ಲ. ಅಮ್ಮ ಆ ಕಾಗದ ಕೊಟ್ಟು, ಶನಿವಾರ ತಪ್ಪದೆ ಬರಬೇಕು ಎಂದು ಅವಳು ಕೈಗವಸಿನ ಕೈಯನ್ನೇ ಜೋಡಿಸಿದಳು.

ಉರಿಯಾಕು ಒಂದು ಗಳಿಗೆ ಯೋಚಿಸಿದರು. ಅರವತ್ತು ಹೆಂಗಸರು, ಅರವತ್ತು ರುಮಾಲು.

ಉರಿಯಾಕು: ಎರಡು ಮಾತು ನಡೆಸಿಕೊಟ್ಟರೆ ಬರ್ತೀನಿ. ಒಂದು, ಚೀಟಿ ನಾನು ಹೇಳಿದ ಹಾಗೆ ಬರೀಬೇಕು. ‘ಲೇಖಕರು ತಮ್ಮ ಹೆಂಡತಿ ಉರಿಯಾಕುಗೆ ಬರೆದದ್ದು. ಎಬಿಯೆರೆ ಎಂಬವಳು ಎರವಲು ಪಡೆದು ಹಿಂದಿರುಗಿಸಿಲ್ಲ.’

ಡಾ. ಅರಿತ್: ಇವತ್ತೇ ಬರೀತೀನಿ. ಎರಡನೇದು?

ಉರಿಯಾಕು: ಇವರ ಕಾಗದದ ಪಕ್ಕದಲ್ಲಿ, ಅದಕ್ಕೆ ನಾನು ಬರೆದ ಉತ್ತರವನ್ನೂ ಇಡಬೇಕು. ಅಷ್ಟೇ ದೊಡ್ಡ ಗಾಜಿನಲ್ಲಿ. ಹುಡುಗಿ ಒಬ್ಬಳು ಹೇಗೆ ಬರೆದಿದ್ದಳು ಅಂತ ಜನ ನೋಡಲಿ. ಅದು ಇವರ ಹತ್ತಿರಾನೇ ಇದೆ, ಒಣಮೀನಿನ ಪೆಟ್ಟಿಗೆಗೆ ಹಾಕದೆ ಬಚ್ಚಿಟ್ಕೊಂಡಿದಾರೆ.

ಒಬಿಡಿಕೆ: ಅದು ಬೇಡ.

ಇಷ್ಟು ಹೊತ್ತು ಬೆಣ್ಣೆಯಾಗಿದ್ದ ಮನುಷ್ಯ ಈ ಮಾತಿಗೆ ಮಾತ್ರ ಬಂಡೆಯಾದದ್ದು ಕಂಡು ಡಾ. ಅರಿತ್‌ಗೆ ಆಶ್ಚರ್ಯವಾಯಿತು. ಯಾಕೆ ಬೇಡ ಎಂದು ಹೆಂಡತಿ ಕೇಳಿದರು. ಸುಮ್ಮನೆ ಬೇಡ ಎಂದರು. ಧಾರಾವಾಹಿಯಲ್ಲಿ ಎಬಿಯೆರೆ ಉತ್ತರ ಬರೆಯುವ ದೃಶ್ಯವಿತ್ತೇ ಎಂದು ಕೇಳಿದರು. ಇತ್ತು, ಅದಕ್ಕೆ ಬೇರೆ ಬರೆದೆ ಎಂದರು. ಅಲ್ಲಿಗೆ ಹೊಸ ಬೆಂಕಿ ಹತ್ತಿತು. ತನ್ನ ಕಾಗದ ಕದ್ದದ್ದನ್ನು ಉರಿಯಾಕು ಬಹುಶಃ ಭಾನುವಾರದ ಹೊತ್ತಿಗೆ ಕ್ಷಮಿಸುತ್ತಿದ್ದರು. ತನ್ನ ಉತ್ತರವನ್ನು ಕದಿಯಲಿಲ್ಲ ಎಂಬುದನ್ನು ಕ್ಷಮಿಸುವ ಹೆಂಗಸು ಅವರಲ್ಲ.

ಉರಿಯಾಕು: ಓಹೋ. ನಿಮ್ಮದು ಟಿವಿಯಲ್ಲಿ ಬರುವಷ್ಟು ಚೆನ್ನಾಗಿತ್ತು, ನನ್ನದು ಬರೋ ಹಾಗಿರಲಿಲ್ಲ. ಅದನ್ನ ಓದಿದ ದಿನ ಊಟ ಬಿಟ್ಟಿದ್ದೆ ಅಂತ ಮದುವೆಯಲ್ಲಿ ನಮ್ಮಣ್ಣನ ಹತ್ತಿರ ಹೇಳ್ಕೊಂಡಿದ್ರಿ. ಈಗ ನಾಲ್ಕು ಜನರ ಮುಂದೆ ಇಡೋಕೆ ನಾಚಿಕೆ. ನನ್ನ ಮಾತು ಅಂದರೆ ಅಷ್ಟು ಅಗ್ಗ.

ಒಬಿಡಿಕೆ: ನಿನ್ನ ಮಾತಾಗಿದ್ದರೆ ಇಡಬಹುದಿತ್ತು.

ಉರಿಯಾಕು: ಅಂದರೆ?

ಒಬಿಡಿಕೆ: ಬರೋ ಅರವತ್ತು ಜನರಲ್ಲಿ ಅರ್ಧಕ್ಕರ್ಧ ಹೆಂಗಸರು ಅದೇ ಉತ್ತರ ಬರೆದು ಮದುವೆ ಆದವರು. ಗಾಜಿನ ಪೆಟ್ಟಿಗೆ ಮುಂದೆ ನಿಂತು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದಿಬಿಡ್ತಾರೆ, ಚರ್ಚಿನಲ್ಲಿ ಪ್ರಾರ್ಥನೆ ಹೇಳಿದ ಹಾಗೆ. ಒನಿಚಾ ಸಂತೆಯಲ್ಲಿ ಮಾರ್ತಿದ್ದ ಪ್ರೇಮಪತ್ರದ ಪುಸ್ತಕ, ಹದಿನೇಳನೇ ಪುಟ.

ಉರಿಯಾಕುವಿನ ಕೈಯ ಕರವಸ್ತ್ರ ನಿಂತಿತು. ಡಾ. ಅರಿತ್ ಪೆನ್ಸಿಲ್ ಎತ್ತಿಕೊಂಡಳು. ಎತ್ತಿಕೊಂಡದ್ದು ತನಗೆ ಗೊತ್ತಾಗಿ, ಮೆಲ್ಲಗೆ ಕೆಳಗಿಟ್ಟಳು. ಹಾಸ್ಟೆಲಿನ ಹುಡುಗಿಯರೆಲ್ಲ ಸೇರಿ ಒಂದು ಪುಸ್ತಕ ಕೊಂಡದ್ದು, ಅದನ್ನು ದಿಂಬಿನಡಿ ಇಟ್ಟು ಸರದಿಯ ಮೇಲೆ ನಕಲು ಮಾಡಿದ್ದು, ಕಷ್ಟದ ಪದಗಳ ಅರ್ಥ ಗೊತ್ತಾಗದೆ ಹಾಗೇ ಇಳಿಸಿದ್ದು, ಎಲ್ಲ ಆಕೆಯ ಬಾಯಿಂದ ತುಂಡು ತುಂಡಾಗಿ ಹೊರಬಂತು. ಆ ಹುಡುಗಿಯರೆಲ್ಲ ಸಾಯುವವರೆಗೆ ಬಾಯಿ ಬಿಡುವುದಿಲ್ಲ ಎಂದು ಪ್ರಮಾಣ ಮಾಡಿದ್ದರಂತೆ.

ಉರಿಯಾಕು: ನಿಮಗೆ ಯಾರು ಹೇಳಿದ್ದು? ರೋಸಲೀನ್ ತಾನೆ? ಅವಳ ಹೊಟ್ಟೆಯಲ್ಲಿ ಏನೂ ನಿಲ್ಲಲ್ಲ.

ಒಬಿಡಿಕೆ: ಯಾರೂ ಹೇಳಲಿಲ್ಲ. ಆ ಪುಸ್ತಕ ಬರೆದವನು ನಾನೇ.

ಉರಿಯಾಕು: ಸುಳ್ಳು. ಅದನ್ನ ಬರೆದವರು ಯಾರೋ ಪ್ರೊಫೆಸರ್. ಮುಖಪುಟದಲ್ಲಿ ಫೋಟೋನೇ ಇತ್ತು. ಟೈ ಕಟ್ಟಿದ ಬಿಳಿಯ ಮನುಷ್ಯ.

ಒಬಿಡಿಕೆ: ಆ ಮನುಷ್ಯನನ್ನ ಪ್ರೆಸ್ಸಿನವನು ಸೋಪಿನ ಪೊಟ್ಟಣದಿಂದ ಕತ್ತರಿಸಿ ಅಂಟಿಸಿದ್ದ. ಒಳಗಿನ ಬರಹ ನಂದು. ಆಗ ನನಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೂರಿಸಿ, ಹುಡುಗರ ಕಾಗದ ಮೊದಲು, ಹುಡುಗಿಯರ ಉತ್ತರ ಆಮೇಲೆ ಅಂತ ಬರೆಸಿದ. ನೀನು ಬರೆದ ಕಾಗದ ಬಂದ ದಿನ ಬಿಚ್ಚಿ ಓದ್ತೀನಿ, ಮೊದಲ ಸಾಲಿನಲ್ಲೇ ನನ್ನದೇ ಅಚ್ಚಿನ ತಪ್ಪು. ಅದನ್ನೂ ಬಿಡದೆ ಇಳಿಸಿದ್ದೆ ನೀನು. ಊಟ ಬಿಟ್ಟದ್ದು ಅದಕ್ಕೇ.

ಹೊರಗೆ ಯಾರೋ ಜನರೇಟರ್ ಹಚ್ಚಿದರು. ಅದರ ಗುಡುಗಿನ ನಡುವೆ ಉರಿಯಾಕು ಕರವಸ್ತ್ರವನ್ನು ಮಡಿಸಿ ಚೀಲಕ್ಕೆ ಹಾಕಿದರು. ಆಮೇಲೆ ಎದ್ದು ರುಮಾಲು ಸರಿಮಾಡಿಕೊಂಡರು. ಎರಡನೇ ಮಾತನ್ನು ಬಿಟ್ಟಿದ್ದೇನೆ, ಚೀಟಿ ಮಾತ್ರ ತಪ್ಪಬಾರದು, ಶನಿವಾರ ಸಂಘದವರಿಗೆ ಮುಂದಿನ ಸಾಲಿನ ಕುರ್ಚಿ ಇರಲಿ ಎಂದು ಡಾ. ಅರಿತ್‌ಗೆ ಹೇಳಿ ಬಾಗಿಲವರೆಗೆ ನಡೆದರು. ಸುಮ್ಮನೆ ಹೋಗಿದ್ದರೆ ಆಕೆ ಉರಿಯಾಕು ಆಗುತ್ತಿರಲಿಲ್ಲ; ತಿರುಗಿ ನಿಂತರು.

ಉರಿಯಾಕು: ಅಂದರೆ ಕಾಗದ ಬರೆದವರೂ ನೀವೇ, ಉತ್ತರ ಕೊಟ್ಟವರೂ ನೀವೇ. ನಿಮ್ಮನ್ನ ನೀವೇ ಮೆಚ್ಚಿ, ನಿಮ್ಮನ್ನ ನೀವೇ ಒಪ್ಪಿ ಮದುವೆ ಆಗಿದೀರಿ. ಮಧ್ಯದಲ್ಲಿ ನನ್ನನ್ನ ಯಾಕೆ ಎಳೆದ್ರಿ?

ಒಬಿಡಿಕೆ ಕೈಗವಸನ್ನು ಒಂದೊಂದೇ ಬೆರಳಾಗಿ ಬಿಚ್ಚಿ ಮೇಜಿನ ಮೇಲಿಟ್ಟರು.

ಒಬಿಡಿಕೆ: ಹದಿನೇಳನೇ ಪುಟದ ಹಿಂಬದಿಯಲ್ಲೇ ‘ಒಲ್ಲೆ’ ಅನ್ನೋ ಉತ್ತರವೂ ಇತ್ತಲ್ಲೇ. ಅದನ್ನ ಇದಕ್ಕಿಂತ ಹತ್ತು ಪಾಲು ಚೆನ್ನಾಗಿ ಬರೆದಿದ್ದೆ, ಅದರಲ್ಲಿ ಅಚ್ಚಿನ ತಪ್ಪೂ ಇರಲಿಲ್ಲ. ಪುಟ ಮಗುಚದೆ ಇದನ್ನೇ ಇಳಿಸಿದವಳು ನೀನು. ಓದುಗರು ಮಾಡ್ಕೊಂಡ ಆಯ್ಕೆಗೆ ಲೇಖಕ ಹೊಣೆಯಲ್ಲ.